ಗೆಲ್ಲುವಾಗಲೇ ಇಳಿದಿದ್ದ ಎಡಗೈ: ಸೋತ ಹೆವಿವೇಯ್ಟ್ ಚಾಂಪಿಯನ್ನನ್ನು ಅಳೆದ ಒಂದು ಪ್ರಕರಣ

ನಾನು ಶಿವಮೊಗ್ಗದಲ್ಲಿ ಬಾಕ್ಸಿಂಗ್ ಕಲಿಸುತ್ತೇನೆ. ನನ್ನ ಕೈಯಲ್ಲಿ ಬೆಳೆದ ಒಬ್ಬ ಹುಡುಗ ಎರಡು ವರ್ಷ ಸತತವಾಗಿ ರಾಜ್ಯ ಚಾಂಪಿಯನ್ ಆಗಿದ್ದ. ಮೂರನೇ ವರ್ಷ ಎರಡನೇ ರೌಂಡ್‌ನಲ್ಲಿ ಬಿದ್ದ. ಅವನು ನಿಜಕ್ಕೂ ಎಷ್ಟು ಒಳ್ಳೆಯ ಬಾಕ್ಸರ್ ಎಂದು ಕಾಗದದ ಮೇಲೆ ಬರೆದುಕೊಡುವ ಕೆಲಸ ಆಗ ನನ್ನ ಪಾಲಿಗೆ ಬಂತು. ಮೊದಲ ಸಲ ತಪ್ಪಾಗಿ ಬರೆದೆ. ಆ ಒಂದು ಪುಟ ಅವನ ಬದುಕನ್ನು ಆರು ವಾರ ಅಲ್ಲಾಡಿಸಿತು. ಬೇರೆ ಕೋಚ್‌ಗಳು, ಮಕ್ಕಳನ್ನು ಆಟಕ್ಕೆ ಕಳಿಸುವ ಅಪ್ಪ-ಅಮ್ಮಂದಿರು, ದುಡ್ಡು ಕೊಟ್ಟು ಬೆಂಬಲಿಸುವ ಹಿರಿಯರು ಇದೇ ತಪ್ಪು ಮಾಡದಿರಲಿ ಎಂದು ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ಗುರುತು ಸಿಗಬಾರದೆಂದು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ, ವರ್ಷ ಹೇಳಿಲ್ಲ. ರಿಂಗ್‌ನಲ್ಲಿ ನಡೆದದ್ದನ್ನು ಮಾತ್ರ ಬದಲಿಸಿಲ್ಲ. ಅವನನ್ನು ಇಲ್ಲಿ ಹುಡುಗ ಎಂದೇ ಕರೆಯುತ್ತೇನೆ. ಬರೆದದ್ದನ್ನು ಅವನಿಗೂ ಅವನ ತಾಯಿಗೂ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಹೊರಗೆ ಕೊಡುತ್ತಿದ್ದೇನೆ.

ಹಿನ್ನೆಲೆ

ಹುಡುಗನದ್ದು ತೀರ್ಥಹಳ್ಳಿ ಕಡೆಯ ಹಳ್ಳಿ. ಮನೆಗೆ ಎರಡೂವರೆ ಎಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ನನ್ನ ಹತ್ತಿರ ಬಂದಾಗ ಆರಡಿ ಎರಡಂಗುಲ ಎತ್ತರ, 98 ಕೆಜಿ ತೂಕ. ಅದಕ್ಕೆ ಮುಂಚೆ ಜಾತ್ರೆಗಳಲ್ಲಿ ಕುಸ್ತಿ ಹಿಡಿದಿದ್ದ. ಕುಸ್ತಿಯಿಂದ ಬಂದ ಹುಡುಗರಿಗೆ ಸೊಂಟ ಗಟ್ಟಿ, ತೊಡೆ ಗಟ್ಟಿ, ತಬ್ಬಿ ಹಿಡಿದರೆಂದರೆ ಬಿಡಿಸಿಕೊಳ್ಳುವುದು ಸುಲಭವಲ್ಲ. ಆದರೆ ಗರಡಿಯಲ್ಲಿ ಯಾರೂ ಮುಖಕ್ಕೆ ಗುದ್ದುವುದಿಲ್ಲವಾದ್ದರಿಂದ ಮುಖ ಕಾಯ್ದುಕೊಳ್ಳುವ ಅಭ್ಯಾಸ ಅವರ ಕೈಗೆ ಇರುವುದಿಲ್ಲ. ನಾನು ಇದನ್ನು ಮೊದಲ ದಿನವೇ ಬಲ್ಲವನು. ಬಲ್ಲವನಾಗಿಯೂ ನಾಲ್ಕು ವರ್ಷ ಹೇಗೆ ಕಣ್ಣು ತಪ್ಪಿತು ಎಂಬುದೇ ಈ ಪ್ರಕರಣದ ತಿರುಳು.

ಅವನು ಆಡುತ್ತಿದ್ದದ್ದು 92 ಕೆಜಿಗಿಂತ ಮೇಲ್ಪಟ್ಟವರ ವರ್ಗ. ಆಗಿನ ನಿಯಮದ ಪುಸ್ತಕದಲ್ಲಿ ಅದು ಸೂಪರ್ ಹೆವಿವೇಯ್ಟ್, ಊರಿನವರ ಬಾಯಲ್ಲಿ ಬರೀ ಹೆವಿವೇಯ್ಟ್. ಹಗುರ ತೂಕದ ವರ್ಗಗಳಲ್ಲಿ ಚಿನ್ನ ಗೆಲ್ಲಬೇಕೆಂದರೆ ನಾಲ್ಕೈದು ಬೌಟ್ (ಪಂದ್ಯ) ದಾಟಬೇಕು. ಈ ವರ್ಗದಲ್ಲಿ ಹುಡುಗರೇ ಕಡಿಮೆ. ಎರಡು ಬೌಟ್ ಗೆದ್ದರೆ ಮೆಡಲ್ ಕೊರಳಿಗೆ ಬರುವುದುಂಟು, ಅದರಲ್ಲಿ ಒಂದು ವಾಕ್‌ಓವರ್ (ಎದುರಾಳಿ ಬಾರದೆ ಸಿಕ್ಕ ಗೆಲುವು) ಆಗಿರುವುದೂ ಉಂಟು. ಮೆಡಲಿನ ಮೇಲೆ ಮಾತ್ರ ಇದ್ಯಾವುದೂ ಬರೆದಿರುವುದಿಲ್ಲ. ಊರಿನಲ್ಲಿ ಅವನ ಫೋಟೋಕ್ಕೆ ಸಕ್ರೆಬೈಲು ಆನೆ ಬಿಡಾರದ ಆನೆಯ ಚಿತ್ರ ಜೋಡಿಸಿ ಫ್ಲೆಕ್ಸ್ ಹಾಕಿದರು. ನನಗೂ ಹೆಮ್ಮೆಯಾಗಿತ್ತು.

ಎರಡನೇ ಚಿನ್ನ ಬಂದ ಮೇಲೆ ಶಿವಮೊಗ್ಗದ ಕೆಲವು ಹಿರಿಯರು ಸೇರಿ ತಿಂಗಳಿಗೆ 8,000 ರೂಪಾಯಿ ಕೊಡಲು ಶುರುಮಾಡಿದರು. ಅದರಲ್ಲಿ ಮೊಟ್ಟೆ, ಹಾಲು, ಮಾಂಸ, ಬಸ್ ಚಾರ್ಜು ಎಲ್ಲ ನಡೆಯಬೇಕು. ಇನ್ನೂ ಮುಖ್ಯವಾಗಿ, ತೋಟದಲ್ಲಿ ಅವನ ಬದಲು ಒಂದು ಆಳು ಇಟ್ಟುಕೊಳ್ಳಲು ಮನೆಯವರಿಗೆ ಅದು ಆಸರೆಯಾಗಿತ್ತು. ಆ ವರ್ಷ ಕೊಯ್ಲಿಗೆ ಆಳೇ ಸಿಕ್ಕಿರಲಿಲ್ಲವೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಸೋಲು

ಬೌಟ್ ನಡೆದದ್ದು ಜನವರಿ ಕೊನೆಯಲ್ಲಿ. ಎದುರಾಳಿ ಹೆಸರು ನಾವ್ಯಾರೂ ಕೇಳಿರಲಿಲ್ಲ. ಬೌಟ್‌ಗೆ ಮುಂಚೆ ಹುಡುಗನ ಕೈಗೆ ನಾನೇ ಬ್ಯಾಂಡೇಜ್ ಸುತ್ತಿದೆ. ಬೆರಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಕಂದು ಬಣ್ಣ ಹತ್ತಿತ್ತು. ಅಡಿಕೆ ಚೊಗರು, ಅಡಿಕೆ ಬೇಯಿಸಿದಾಗ ಬಿಡುವ ರಸದ ಕಲೆ. ಮಲೆನಾಡಿನವರಿಗೆ ಆ ಬಣ್ಣ ಹೇಳಿಕೊಡಬೇಕಾಗಿಲ್ಲ, ಹತ್ತಿದರೆ ವಾರಗಟ್ಟಲೆ ಹೋಗುವುದಿಲ್ಲ. ಕಂಡೆ, ಏನೂ ಕೇಳದೆ ಅದರ ಮೇಲೇ ಬ್ಯಾಂಡೇಜ್ ಸುತ್ತಿದೆ.

ಮೊದಲ ರೌಂಡ್ ಚೆನ್ನಾಗಿತ್ತು. ಐದು ಜನ ಜಡ್ಜ್‌ಗಳಲ್ಲಿ ನಾಲ್ವರು ಅದನ್ನು 10-9 ಎಂದು ನಮ್ಮ ಹುಡುಗನಿಗೇ ಕೊಟ್ಟಿದ್ದರು. ಎರಡನೇ ರೌಂಡ್ ಶುರುವಾಗಿ ಒಂದು ನಿಮಿಷ ದಾಟಿತ್ತು. ಹುಡುಗ ಎಡಗೈ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಹಾಕಿದ. ಆ ಕೈ ವಾಪಸು ಬರುವಾಗ ಗದ್ದಕ್ಕೆ ಬಾರದೆ ಎದೆಗೆ ಬಂತು. ಎದುರಾಳಿಯ ಬಲಗೈ ಅದರ ಮೇಲಿಂದ ಹಾದು ದವಡೆಗೆ ಬಿತ್ತು. ಹುಡುಗ ಮಂಡಿಯೂರಿ ಕೂತ, ಹಗ್ಗ ಹಿಡಿದು ಆರರ ಎಣಿಕೆಗೆ ಎದ್ದ. ರೆಫರಿ ಎಂಟರವರೆಗೆ ಎಣಿಸಿ, ಗ್ಲೋವ್ಸ್ ಹಿಡಿದು ಕಣ್ಣೊಳಗೆ ನೋಡಿ, ಬೌಟ್ ನಿಲ್ಲಿಸಿದರು. ಸರಿಯಾದ ತೀರ್ಮಾನ. ಆವತ್ತಿನ ಸಿಟ್ಟಿನಲ್ಲಿ ನಾನು ಹಾಗೆ ಹೇಳಲಿಲ್ಲ.

ಯಾರೋ ಮೊಬೈಲಿನಲ್ಲಿ ಹಿಡಿದ ಇಪ್ಪತ್ತು ಸೆಕೆಂಡಿನ ವಿಡಿಯೋ ನಾವು ಶಿವಮೊಗ್ಗಕ್ಕೆ ವಾಪಸು ಬರುವ ಮುಂಚೆಯೇ ಊರು ತಲುಪಿತ್ತು. ಅದರಲ್ಲಿ ಮೊದಲ ರೌಂಡ್ ಇರಲಿಲ್ಲ, ಬಿದ್ದದ್ದು ಮಾತ್ರ ಇತ್ತು. ಜನ ಎರಡು ಪಂಗಡವಾದರು. "ಗದ್ದ ವೀಕು. ಇಷ್ಟು ದಿನ ಸಣ್ಣಪುಟ್ಟವ್ರನ್ನ ಹೊಡ್ದು ಚಾಂಪಿಯನ್ ಆಗಿದ್ದ" ಎಂದರು ಒಬ್ಬರು. "ಎಂತದೂ ಇಲ್ಲ ಮಾರಾಯ್ರೆ, ಗುರಿ ಇಲ್ದೆ ಬೀಸಿದ್ದು ತಾಗ್ತು ಅಷ್ಟೆ, ಅದೇ ಹುಡ್ಗನ ಮೇಲೆ ನಾಳೆನೇ ಇನ್ನೊಂದ್ಸಲ ಆಡ್ಸಿ" ಎಂದರು ಇನ್ನೊಬ್ಬರು. ಎರಡೂ ಮಾತು ಹುಟ್ಟಿದ್ದು ಅದೇ ಇಪ್ಪತ್ತು ಸೆಕೆಂಡಿನಿಂದ.

ನನ್ನ ಮೊದಲ ವರದಿ

ಹಿರಿಯರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ದುಡ್ಡು ಕೊಡುವವರು ಅವರು. "ಮೇಷ್ಟ್ರೇ, ಇವನು ಮುಂದೆ ಹೋಗ್ತಾನೋ ಇಲ್ವೋ, ಬರ್ದು ಕೊಡಿ" ಎಂದರು. ಬೌಟ್ ಆಗಿ ಒಂಬತ್ತನೇ ದಿನ ಹುಡುಗನನ್ನು ಕರೆಸಿದೆ.

ತಲೆಗೆ ಪೆಟ್ಟಾಗಿ ಬೌಟ್ ನಿಂತರೆ ಬಾಕ್ಸರ್ ಕನಿಷ್ಠ 30 ದಿನ ರಿಂಗ್‌ಗೂ ಸ್ಪಾರಿಂಗ್‌ಗೂ (ಅಭ್ಯಾಸದ ಗುದ್ದಾಟಕ್ಕೂ) ಇಳಿಯುವಂತಿಲ್ಲ ಎಂಬ ನಿಯಮ ನನಗೆ ಗೊತ್ತಿತ್ತು. ನನ್ನ ಕೈಯ ಪ್ಯಾಡ್‌ಗೆ ಗುದ್ದಿಸುವುದು ಸ್ಪಾರಿಂಗ್ ಅಲ್ಲವಲ್ಲ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಪ್ಯಾಡ್ ಹಿಡಿದು ಮೂರು ರೌಂಡ್ ಹೊಡೆಸಿದೆ. ನಾನು "ಒನ್-ಟೂ" (ಎಡಗೈ, ಆಮೇಲೆ ಬಲಗೈ) ಅಂದರೆ ಅವನ ಕೈ ಅರ್ಧ ಗಳಿಗೆ ತಡವಾಗಿ ಬರುತ್ತಿತ್ತು. ಪ್ಯಾಡ್ ಅವನ ಕಡೆ ಬೀಸಿದರೆ ತಲೆ ತಗ್ಗಿಸುವುದಕ್ಕೂ ತಡ. ಎರಡು ಸಲ ಎಡ-ಬಲ ಮರೆತ. ಹುಬ್ಬು ಗಂಟಿಕ್ಕಿಕೊಂಡೇ ಇದ್ದ. ನಾನು ಅದನ್ನು ಮನಸ್ಸಿಲ್ಲದ್ದು ಎಂದು ಓದಿದೆ.

ಆ ರಾತ್ರಿಯೇ ಒಂದು ಪುಟ ಬರೆದೆ. ಪೆಟ್ಟು ತಡೆಯುವ ಶಕ್ತಿ ಕಡಿಮೆ, ಚುರುಕು ಕುಂದಿದೆ, ಹೆದರಿಕೆ ಹೊಕ್ಕಿದೆ, ರಾಷ್ಟ್ರಮಟ್ಟಕ್ಕೆ ಹೋಗುವುದು ಅನುಮಾನ. ಮುಂದಿನ ತಿಂಗಳಿನಿಂದ ಹಣ ನಿಂತಿತು. ಅವನ ದೊಡ್ಡಪ್ಪ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸ ಗೊತ್ತುಮಾಡಿದರು. ಹುಡುಗ ನಾವು ಅಭ್ಯಾಸ ಮಾಡುವ ಶೆಡ್ಡಿಗೆ ಬರುವುದನ್ನು ಬಿಟ್ಟ.

ಮೂರು ವಾರದ ನಂತರ ಅವನ ತಾಯಿ ಫೋನ್ ಮಾಡಿದರು. ಅವರು ದೂರು ಹೇಳಲಿಲ್ಲ, ಕೇಳಿದರು ಅಷ್ಟೆ. "ಸರ್, ಇವ ರಾತ್ರಿ ನಿದ್ದೆ ಮಾಡೂದಿಲ್ಲ. ಅಡಿಗೆಮನೆ ಲೈಟ್ ಹಾಕಿದ್ರೆ ಕಣ್ಣು ಮುಚ್ಕೊಳ್ತಾನೆ. ತಲೆನೋವು ಅಂತ ನನ್ಹತ್ರ ಮಾತ್ರ ಹೇಳಿದ್ದು, ನಿಮ್ಗೆ ಹೇಳ್ಬೇಡ ಅಂದಿದ್ದ. ಇದು ಹೆದರಿಕೆಯಾ, ಕಾಯ್ಲೆಯಾ?"

ಮರುದಿನವೇ ಅವನನ್ನು ನರರೋಗ ತಜ್ಞರಲ್ಲಿಗೆ ಕರೆದುಕೊಂಡು ಹೋದೆ. ಪೆಟ್ಟಿನಿಂದ ಮೆದುಳು ಅಲುಗಿದ್ದು ಇನ್ನೂ ಪೂರ್ತಿ ವಾಸಿಯಾಗಿಲ್ಲ ಎಂದರು. ಬೆಳಕು ತಡೆಯದಿರುವುದು, ನಿದ್ದೆ ಕೆಡುವುದು, ಮಾತಿಗೆ ಕೈ ತಡವಾಗುವುದು, ಸಿಡುಕು ಎಲ್ಲ ಅದರದೇ ಲಕ್ಷಣ. ವಾಸಿಯಾಗುವ ಮುಂಚೆ ಇನ್ನೊಂದು ಪೆಟ್ಟು ಬಿದ್ದಿದ್ದರೆ ಪ್ರಾಣಕ್ಕೇ ಅಪಾಯವಿತ್ತು. ಒಂಬತ್ತನೇ ದಿನ ಪ್ಯಾಡ್ ಹೊಡೆಸಿದ್ದನ್ನು ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

ಗಾಯಗೊಂಡ ತಲೆಯ ನಿಧಾನವನ್ನು ನಾನು ಬಾಕ್ಸರನ ಯೋಗ್ಯತೆ ಎಂದು ಬರೆದುಕೊಟ್ಟಿದ್ದೆ. ಕಾಲು ಮುರಿದವನನ್ನು ಓಡಿಸಿ ಓಟಗಾರನಲ್ಲ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಕಾಲು ಮುರಿದದ್ದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ, ಅಷ್ಟೆ. ಈ ಪ್ರಕರಣದಲ್ಲಿ ನನ್ನ ದೊಡ್ಡ ತಪ್ಪು ಇದು. ಇದಕ್ಕೆ ಬೇರೆ ಯಾರನ್ನೂ ಹೊಣೆ ಮಾಡಲಾರೆ.

ಚೀಲದ ತಳದಿಂದ

ವರದಿ ವಾಪಸು ತೆಗೆದುಕೊಳ್ಳಬೇಕೆಂದು ಹಿರಿಯರಲ್ಲೊಬ್ಬರ ಮಂಡಿಗೆ ಹೋದೆ. ಅಡಿಕೆ ವ್ಯಾಪಾರದಲ್ಲಿ ತಲೆ ನರೆತವರು. ಚೀಲ ಬಿಚ್ಚಿ ಮಾದರಿ ನೋಡುತ್ತಿದ್ದರು. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ಅವರು ಒಂದು ಅಡಿಕೆಯನ್ನು ಅಡಕತ್ತರಿಯಲ್ಲಿ ಎರಡು ಹೋಳು ಮಾಡಿ ನನ್ನ ಅಂಗೈಗೆ ಹಾಕಿದರು.

"ಚೀಲದ ಬಾಯಲ್ಲಿ ಇದ್ದದ್ದು ನೋಡಿ ನಾವು ರೇಟ್ ಹಾಕೂದಿಲ್ಲ ಮೇಷ್ಟ್ರೇ. ನಡುವಿಂದ ತೆಗೀಬೇಕು, ತಳದಿಂದ ತೆಗೀಬೇಕು, ಒಡ್ದು ಒಳಗೆ ನೋಡ್ಬೇಕು. ಅವತ್ತು ಮೇಲೆ ಇದ್ದ ಚಿನ್ನ ನೋಡಿ ಸರಕು ಅಂದ್ರಿ. ಈಗ ಮೇಲೆ ಇದ್ದ ಸೋಲು ನೋಡಿ ಗೊರಬಲು ಅಂದ್ರಿ. ಒಡ್ದು ನೋಡಿದ್ದು ಯಾವಾಗ?"

ಸರಕು ಅಂದರೆ ಅಡಿಕೆಯ ಮೇಲ್ದರ್ಜೆ, ಗೊರಬಲು ಕೆಳದರ್ಜೆ. ಅಲ್ಲಿಂದ ಬರುವಾಗ ದಾರಿಯುದ್ದಕ್ಕೂ ಆ ಮಾತು ಕೊರೆಯಿತು. ಬಿದ್ದ ಇಪ್ಪತ್ತು ಸೆಕೆಂಡನ್ನು ನಾನು ನೂರು ಸಲ ನೋಡಿದ್ದೆ. ಅವನು ಗೆದ್ದ ಬೌಟ್‌ಗಳನ್ನು ಗೆದ್ದ ದಿನ ಬಿಟ್ಟರೆ ಮತ್ತೆ ಒಂದು ಸಲವೂ ನೋಡಿರಲಿಲ್ಲ.

ಎರಡು ವರ್ಷದಲ್ಲಿ ಅವನ ಹೆಸರಿನಲ್ಲಿ ಹನ್ನೊಂದು ಗೆಲುವುಗಳಿದ್ದವು. ಪಟ್ಟಿ ಮಾಡಿ ನೋಡಿದರೆ ಎರಡು ವಾಕ್‌ಓವರ್. ನಾಲ್ಕರಲ್ಲಿ ಎದುರಾಳಿಗಳು ಅದೇ ವರ್ಷ ಗ್ಲೋವ್ಸ್ ತೊಟ್ಟವರು. ಉಳಿದ ಐದು ಮಾತ್ರ ಬೌಟ್ ಎಂದು ಕರೆಯಬಹುದಾದ ಬೌಟ್‌ಗಳು, ಅವುಗಳಲ್ಲಿ ನಾಲ್ಕರ ವಿಡಿಯೋ ಸಿಕ್ಕಿತು. ನಮ್ಮಲ್ಲೇ ಕಲಿಯುವ ಒಬ್ಬ ಕಾಲೇಜು ಹುಡುಗಿಯನ್ನು ಜೊತೆಗೆ ಕೂರಿಸಿಕೊಂಡೆ. ಅವಳು ಅವನ ಬೌಟ್‌ಗಳನ್ನು ನೋಡಿದವಳಲ್ಲ, ಅವನ ಅಭಿಮಾನಿಯೂ ಅಲ್ಲ. ಆ ಕೆಲಸಕ್ಕೆ ಅಂಥವರೇ ಬೇಕಿತ್ತು.

ಶಬ್ದ ಬಂದ್ ಮಾಡಿ ನೋಡಿದೆವು. ಕೂಗಾಟ ಕಿವಿಗೆ ಬಿದ್ದರೆ ತಾಗದ ಪೆಟ್ಟೂ ತಾಗಿದ ಹಾಗೆ ಕಾಣುತ್ತದೆ. ಎರಡನೇ ವಿಡಿಯೋ ಅರ್ಧ ಆಗುವಷ್ಟರಲ್ಲಿ ಅವಳು ನಿಲ್ಲಿಸಿದಳು. "ಸರ್, ಗೆದ್ದ ಬೌಟ್‌ನಲ್ಲೂ ಇವ್ನ ಎಡಗೈ ಕೆಳಗೇ ಇದೆ ನೋಡಿ."

ಎಣಿಸಿದೆವು. ರಾಜ್ಯ ಚಾಂಪಿಯನ್ ಆದ ಆ ಫೈನಲ್‌ನಲ್ಲಿ 31 ಜ್ಯಾಬ್ ಹಾಕಿದ್ದ. 19 ಸಲ ಕೈ ಎದೆಯ ಮಟ್ಟಕ್ಕೆ ವಾಪಸಾಗಿತ್ತು. ಎದುರಿಗಿದ್ದವನ ಬಲಗೈಗೆ ಅಷ್ಟು ವೇಗ ಇರಲಿಲ್ಲ, ಹಾಗಾಗಿ ಆ 19 ಸಲವೂ ಏನೂ ಆಗಲಿಲ್ಲ. ಏನೂ ಆಗದ್ದರಿಂದ ನಾನು ನೋಡಲಿಲ್ಲ. ಗರಡಿಯ ಹುಡುಗರ ಕೈ ಬಗ್ಗೆ ಮೊದಲ ದಿನ ನಾನೇ ಹೇಳಿದ್ದ ಮಾತು ಎರಡು ಚಿನ್ನದ ಅಡಿಯಲ್ಲಿ ಹೂತುಹೋಗಿತ್ತು.

ಬಾಕ್ಸಿಂಗ್ ಇತಿಹಾಸ ಓದಿದವರಿಗೆ ಈ ಎಡಗೈ ಹೊಸದಲ್ಲ. 1936ರ ಜೂನ್‌ನಲ್ಲಿ, ಅಲ್ಲಿಯವರೆಗೆ ಸೋಲೇ ಕಾಣದಿದ್ದ ಅಮೆರಿಕದ ಜೋ ಲೂಯಿಸ್‌ನನ್ನು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ನ್ಯೂಯಾರ್ಕ್‌ನಲ್ಲಿ ಹನ್ನೆರಡನೇ ರೌಂಡ್‌ನಲ್ಲಿ ಮಲಗಿಸಿದ. ಷ್ಮೆಲಿಂಗ್ ಮಾಡಿದ್ದು ಇಷ್ಟೇ: ಲೂಯಿಸ್ ಗೆದ್ದ ಬೌಟ್‌ಗಳ ಫಿಲ್ಮ್ ತರಿಸಿ ನೋಡಿದ. ಜ್ಯಾಬ್ ಹಾಕಿದ ಮೇಲೆ ಎಡಗೈ ಕೆಳಗಿಳಿಯುವುದು ಅದರಲ್ಲಿ ಕಂಡಿತು. ಊರೆಲ್ಲ ಹೊಗಳಿದ ಗೆಲುವುಗಳಲ್ಲೇ ದೋಷ ಇತ್ತು, ನೋಡಿದವನು ಎದುರಾಳಿ. ಲೂಯಿಸ್ ಮರುವರ್ಷ ವಿಶ್ವ ಚಾಂಪಿಯನ್ ಆದ. 1938ರ ಜೂನ್ 22ರಂದು ಷ್ಮೆಲಿಂಗ್‌ನನ್ನು 124 ಸೆಕೆಂಡಿನಲ್ಲಿ ಮುಗಿಸಿದ. 1949ರವರೆಗೆ ಪಟ್ಟ ಉಳಿಸಿಕೊಂಡ. 1936ರ ಆ ರಾತ್ರಿ ಲೂಯಿಸ್‌ನನ್ನು ಅಳೆದವರು ಎಷ್ಟು ಕಡಿಮೆ ಅಳೆದಿದ್ದರೋ, ಅದರ ಹಿಂದಿನ ದಿನ ಅಳೆದವರು ಅಷ್ಟೇ ಹೆಚ್ಚು ಅಳೆದಿದ್ದರು. ಲೂಯಿಸ್ ಎರಡೂ ದಿನ ಅದೇ ಲೂಯಿಸ್.

ನಮ್ಮ ಹುಡುಗನನ್ನು ಅವನ ಪಕ್ಕಕ್ಕೆ ನಿಲ್ಲಿಸುತ್ತಿಲ್ಲ. ನೋಡುವ ಕ್ರಮ ಒಂದೇ ಎಂದು ಹೇಳುತ್ತಿದ್ದೇನೆ. ಸೋಲಿನಿಂದ ಅವನ ಆಟದಲ್ಲಿ ಒಂದು ಕೂದಲೆಳೆಯೂ ಬದಲಾಗಿರಲಿಲ್ಲ. ಮೊದಲೇ ಇದ್ದದ್ದು ಕಾಣುವ ಹಾಗಾಯಿತು. ಕಾಣಿಸಿದ್ದರಲ್ಲಿ ಒಳ್ಳೆಯದೂ ಇತ್ತು. ಒಂದು ಸೆಮಿಫೈನಲ್‌ನಲ್ಲಿ ಅವನಿಗೆ ಹೊಟ್ಟೆಗೆ ಗಟ್ಟಿ ಪೆಟ್ಟು ಬಿದ್ದಿತ್ತು. ಆವಾಗ ಅವನು ಸಿಟ್ಟಿಗೆ ಬಿದ್ದು ನುಗ್ಗಲಿಲ್ಲ. ತಬ್ಬಿ ಹಿಡಿದು ಉಸಿರು ತಿರುಗಿಸಿಕೊಂಡು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಮತ್ತೆ ಹೊಟ್ಟೆಗೇ ಜ್ಯಾಬ್ ಹಾಕಿ ರೌಂಡ್ ಗೆದ್ದ. ನೂರು ಕೆಜಿ ಮೈಯವರಲ್ಲಿ ಆ ಪಕ್ಕದ ಹೆಜ್ಜೆ ಅಪರೂಪ. ಚಿನ್ನ ಬಂದಾಗಲೂ ಅದನ್ನು ಯಾರೂ ಹೊಗಳಿರಲಿಲ್ಲ, ಸೋತಾಗ ಯಾರಿಗೂ ನೆನಪಾಗಲಿಲ್ಲ.

ಎದುರಾಳಿ ಯಾರು, ತಯಾರಿ ಎಷ್ಟು

ಇನ್ನೆರಡು ವಿಷಯ ವಿಚಾರಿಸಿದೆ. ಎದುರಾಳಿಯನ್ನು ನಾವು "ಯಾರೋ ಹೊಸಬ" ಎಂದುಕೊಂಡಿದ್ದೆವು. ಅವನು ಬೇರೆ ರಾಜ್ಯದಲ್ಲಿ ಒಂದು ವರ್ಗ ಕೆಳಗೆ ಆರು ವರ್ಷ ಆಡಿ, ತೂಕ ಏರಿದ ಮೇಲೆ ಕೆಲಸದ ಸಲುವಾಗಿ ಕರ್ನಾಟಕಕ್ಕೆ ಬಂದವನು. ನಮಗೆ ಗೊತ್ತಿಲ್ಲದ್ದರಿಂದ ನಮ್ಮ ಪಾಲಿಗೆ ಹೊಸಬನಾಗಿದ್ದ. ಹೆಸರಿನಿಂದ ಎದುರಾಳಿಯನ್ನು ತೂಗುವುದು ಎಷ್ಟು ಮೋಸ ಎಂಬುದಕ್ಕೆ ಬಸ್ಟರ್ ಡಗ್ಲಸ್ ಸಾಕ್ಷಿ. 1990ರ ಫೆಬ್ರವರಿಯಲ್ಲಿ ಟೋಕಿಯೋದಲ್ಲಿ 37 ಬೌಟ್ ಸೋಲದ ವಿಶ್ವ ಚಾಂಪಿಯನ್ ಮೈಕ್ ಟೈಸನ್‌ನನ್ನು ಹತ್ತನೇ ರೌಂಡ್‌ನಲ್ಲಿ ಅವನು ಬೀಳಿಸಿದಾಗ ಜೂಜಿನ ದರ ಡಗ್ಲಸ್ ವಿರುದ್ಧ 42ಕ್ಕೆ 1 ಇತ್ತು. ಅದೇ ಡಗ್ಲಸ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್ ಎದುರು ಮೂರನೇ ರೌಂಡ್‌ನಲ್ಲಿ ಬಿದ್ದ. ಆ ಎಂಟು ತಿಂಗಳಲ್ಲಿ ಹೆಸರು ಒಂದೇ ಇತ್ತು, ಮನುಷ್ಯ ಬೇರೆ ಬೇರೆ ತಯಾರಿಯಲ್ಲಿದ್ದ. ಗೆದ್ದವನನ್ನು ಆ ದಿನ ಅವನು ಆಡಿದ್ದರಿಂದ ಅಳೆಯಬೇಕು, ಊರಿನವರ ನೆನಪಿನಿಂದಲ್ಲ.

ಇನ್ನೊಂದು ಆ ಚೊಗರಿನ ವಿಷಯ. ಹುಡುಗನನ್ನು ಕೂರಿಸಿ ಕೇಳಿದೆ. ಹೇಳಲು ಹಿಂಜರಿದ. ಆಮೇಲೆ ಒಪ್ಪಿಕೊಂಡ. "ಆಳು ಸಿಗ್ಲಿಲ್ಲ ಸರ್. ಅಪ್ಪಂಗೆ ಸೊಂಟ ನೋವು. ನಂಗೆ ಮರ ಹತ್ತೂಕಾಗಲ್ಲ, ಈ ತೂಕಕ್ಕೆ ಮರ ಬಗ್ತದೆ. ಅಡಿಕೆ ಕೊನೆ ಹೊತ್ತೆ, ಬೇಯ್ಸೋ ಹಂಡೆ ಹತ್ರ ನಿಂತೆ. ಬೆಳಿಗ್ಗೆ ಓಟ ಬಿಟ್ಟಿದ್ದೆ, ನಿಮ್ಗೆ ಹೇಳಿದ್ರೆ ಬೌಟ್‌ಗೆ ಹಾಕಲ್ಲ ಅಂತ ಹೇಳ್ಲಿಲ್ಲ."

ಬೌಟ್‌ಗೆ ಮುಂಚಿನ ನಲವತ್ತು ದಿನದಲ್ಲಿ ಅವನು ಶೆಡ್ಡಿಗೆ ಬಂದದ್ದು ಹದಿನಾಲ್ಕು ದಿನ. ಹಾಜರಿ ಪುಸ್ತಕ ನನ್ನ ಹತ್ತಿರವೇ ಇತ್ತು. ವಿಶ್ವ ಹೆವಿವೇಯ್ಟ್ ಚಾಂಪಿಯನ್ ಲೆನಾಕ್ಸ್ ಲೂಯಿಸ್‌ನಂಥವನೇ 2001ರ ಏಪ್ರಿಲ್‌ನಲ್ಲಿ ಸಮುದ್ರಮಟ್ಟದಿಂದ ಒಂದೂವರೆ ಸಾವಿರ ಮೀಟರಿಗೂ ಎತ್ತರದ ದಕ್ಷಿಣ ಆಫ್ರಿಕಾದ ಊರಿಗೆ, ಸಿನಿಮಾ ಶೂಟಿಂಗ್ ಮುಗಿಸಿ ಬೌಟ್‌ಗೆ ಎರಡು ವಾರವೂ ಇಲ್ಲದಿರುವಾಗ ಹೋಗಿ, ಹಸೀಮ್ ರಹಮಾನ್ ಎದುರು ಐದನೇ ರೌಂಡ್‌ನಲ್ಲಿ ಬಿದ್ದಿದ್ದ. ನವೆಂಬರ್‌ನಲ್ಲಿ ಸರಿಯಾಗಿ ತಯಾರಾಗಿ ಬಂದು ಅದೇ ರಹಮಾನ್‌ನನ್ನು ನಾಲ್ಕನೇ ರೌಂಡ್‌ನಲ್ಲಿ ಬೀಳಿಸಿದ. ಲೆನಾಕ್ಸ್ ಸೋತದ್ದು ಸದರ ಮಾಡಿಕೊಂಡದ್ದಕ್ಕೆ. ನಮ್ಮ ಹುಡುಗ ಸೋತದ್ದು ಅಪ್ಪನ ಸೊಂಟಕ್ಕೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸಿಲ್ಲ, ಆದರೆ ತಯಾರಿ ಇಲ್ಲದ ದಿನದ ಆಟವನ್ನು ಪೂರ್ತಿ ಯೋಗ್ಯತೆ ಎಂದು ಎರಡೂ ಕಡೆ ಬರೆಯುವಂತಿಲ್ಲ.

ಇಷ್ಟಾದ ಮೇಲೆ ನಾಲ್ಕು ಪುಟದ ಎರಡನೇ ವರದಿ ಬರೆದೆ. ರಾಜ್ಯದಲ್ಲಿ ಮೊದಲ ಮೂವರಲ್ಲಿ ಒಬ್ಬ, ಎರಡು ಚಿನ್ನ ಹೇಳುವಷ್ಟು ಮೇಲೆ ಇರಲಿಲ್ಲ. ಎಡಗೈ ಅಭ್ಯಾಸದ ದೋಷ, ತಿದ್ದಬಹುದು. ಗದ್ದ ವೀಕು ಎನ್ನಲು ಆಧಾರವಿಲ್ಲ, ಕಾಣದ ಪೆಟ್ಟು ಯಾರನ್ನೂ ಬೀಳಿಸುತ್ತದೆ. ಈ ಕೊನೆಯ ಸಾಲಿಗೆ ಉಕ್ರೇನಿನ ಹೆವಿವೇಯ್ಟ್ ಬಾಕ್ಸರ್ ವ್ಲಾಡಿಮಿರ್ ಕ್ಲಿಚ್ಕೊ ಹೆಸರು ಬರೆದೆ. 2003ರಲ್ಲಿ ಕೋರಿ ಸ್ಯಾಂಡರ್ಸ್, 2004ರಲ್ಲಿ ಲೇಮನ್ ಬ್ರೂಸ್ಟರ್ ಎದುರು ಬಿದ್ದಾಗ ಅವನ ಗದ್ದದ ಬಗ್ಗೆ ಆಡದ ಮಾತಿಲ್ಲ. ಅವನು ಗದ್ದ ಬದಲಿಸಿಕೊಳ್ಳಲಿಲ್ಲ. ಉದ್ದನೆಯ ಜ್ಯಾಬ್‌ನಿಂದ ಎದುರಾಳಿಯನ್ನು ದೂರ ಇಡುವುದನ್ನು ಕೋಚ್ ಎಮಾನ್ಯುಯೆಲ್ ಸ್ಟೀವರ್ಡ್ ಕೈಯಲ್ಲಿ ಕಲಿತ. 2006ರ ಏಪ್ರಿಲ್‌ನಿಂದ 2015ರ ನವೆಂಬರ್‌ವರೆಗೆ ಪಟ್ಟ ಅವನ ಬಳಿ ಇತ್ತು.

ಹಣ ಮತ್ತೆ ಶುರುವಾಯಿತು. ಹಿರಿಯರಲ್ಲಿ ಇಬ್ಬರು ಅದೇ ಎದುರಾಳಿಯ ಮೇಲೆ ಬೇಗ ಒಂದು ಬೌಟ್ ಆಡಿಸಿ ಎಂದು ಹಟ ಹಿಡಿದರು. ಒಪ್ಪಲಿಲ್ಲ. ಸೇಡು ತೀರಿಸಿಕೊಂಡರೆ ಯೋಗ್ಯತೆ ಸಾಬೀತಾಯಿತು ಎನ್ನುವುದೂ ಅವಸರದ ಲೆಕ್ಕ. 1994ರಲ್ಲಿ ಲೆನಾಕ್ಸ್ ಲೂಯಿಸ್‌ನನ್ನು ಎರಡನೇ ರೌಂಡ್‌ನಲ್ಲಿ ಮಲಗಿಸಿದ್ದ ಆಲಿವರ್ ಮೆಕಾಲ್ 1997ರ ಮರುಪಂದ್ಯದಲ್ಲಿ ರಿಂಗ್‌ನಲ್ಲೇ ಅಳುತ್ತಾ ಗುದ್ದುವುದನ್ನೇ ನಿಲ್ಲಿಸಿದ. ದಾಖಲೆಯಲ್ಲಿ ಅದು ಲೆನಾಕ್ಸ್‌ನ ಗೆಲುವು. ಆ ರಾತ್ರಿ ಅವನ ಬಗ್ಗೆ ಯಾರಿಗೆ ಏನು ತಿಳಿಯಿತು?

ಮಳೆಗಾಲದ ಕೆಲಸ

ಡಾಕ್ಟರ್ ಬರೆದುಕೊಟ್ಟ ಮೇಲೆ ಏಪ್ರಿಲ್‌ನಲ್ಲಿ ಓಟ ಮಾತ್ರ, ಮೇ ನಡುವಿನಿಂದ ಬ್ಯಾಗ್, ಜೂನ್ ಕೊನೆಗೆ ಸ್ಪಾರಿಂಗ್. ಎಡಗೈಗೆ ನಾನು ಹೊಸದೇನೂ ಕಂಡುಹಿಡಿಯಲಿಲ್ಲ. ಎಡ ಕೆನ್ನೆಯ ಹತ್ತಿರ ಭುಜಕ್ಕೆ ಒಂದು ಟವೆಲ್ ಕಟ್ಟಿದೆ. ಜ್ಯಾಬ್ ಹಾಕಿದ ಕೈ ವಾಪಸು ಬಂದು ಟವೆಲ್ ಮುಟ್ಟಬೇಕು. ಮುಟ್ಟದಿದ್ದರೆ ಆ ಜ್ಯಾಬ್ ಲೆಕ್ಕಕ್ಕಿಲ್ಲ. ಮೊದಲ ವಾರ ನೂರರಲ್ಲಿ ಮೂವತ್ತು ಲೆಕ್ಕಕ್ಕೆ ಸಿಕ್ಕರೆ ಹೆಚ್ಚು. ಎಣಿಸುವ ಕೆಲಸ ಆ ಕಾಲೇಜು ಹುಡುಗಿಯದ್ದೇ. ಅವಳ ಹತ್ತಿರ ರಿಯಾಯಿತಿ ಇರಲಿಲ್ಲ.

ಆ ವರ್ಷ ಜುಲೈ ಮಳೆ ಜೋರು. ಶೆಡ್ಡಿನ ಶೀಟಿನ ಮೇಲೆ ಮಳೆ ಬಿದ್ದರೆ ನನ್ನ ಮಾತು ಹುಡುಗನಿಗೆ ಕೇಳುತ್ತಿರಲಿಲ್ಲ, ಕೈಸನ್ನೆಯಲ್ಲೇ ಕಲಿಸಿದೆ. ಗ್ಲೋವ್ಸ್ ಒಳಗೆ ಬೂಸ್ಟು ಹಿಡಿಯುತ್ತಿತ್ತು. ಅವನ ತಾಯಿ ಭಾನುವಾರ ಅದನ್ನು ಮನೆಗೆ ತರಿಸಿಕೊಂಡು, ಬಚ್ಚಲೊಲೆಗೆ ತೀರ ಹತ್ತಿರವಾಗದ ಹಾಗೆ ಹಗ್ಗಕ್ಕೆ ನೇತುಹಾಕಿ ಒಣಗಿಸಿ, ಸೋಮವಾರ ಕಳಿಸುತ್ತಿದ್ದರು. ಹೊಗೆ ವಾಸನೆಯ ಆ ಗ್ಲೋವ್ಸ್‌ನಿಂದ ತಿಂದ ಪೆಟ್ಟನ್ನು ನಮ್ಮ ಸ್ಪಾರಿಂಗ್ ಹುಡುಗರು ಇನ್ನೂ ಮರೆತಿಲ್ಲ. ಆಗಸ್ಟ್ ಕೊನೆಗೆ ನೂರರಲ್ಲಿ ತೊಂಬತ್ತು ಜ್ಯಾಬ್ ಲೆಕ್ಕಕ್ಕೆ ಸಿಗುತ್ತಿದ್ದವು.

ಎರಡನೇ ಸೋಲು

ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆಡಿದ. ಎದುರಾಳಿ ರಾಷ್ಟ್ರೀಯ ಶಿಬಿರಕ್ಕೆ ಹೋಗಿಬಂದವನು. ಹುಡುಗ ಸೋತ. ಮೂವರು ಜಡ್ಜ್ ಎದುರಾಳಿಗೆ ಕೊಟ್ಟರು, ಇಬ್ಬರು ಇವನಿಗೆ. ಮೊದಲ ರೌಂಡ್ ಇವನದ್ದು, ಎರಡನೆಯದು ಹೆಚ್ಚುಕಡಿಮೆ ಸಮ, ಮೂರನೆಯದು ಎದುರಾಳಿಯದ್ದು. ಎದುರಾಳಿಯ ಬಲಗೈ ಒಂಬತ್ತು ರಾಜ್ಯಗಳ ಹುಡುಗರನ್ನು ಕಂಡ ಬಲಗೈ. ಅದು ಎರಡೂವರೆ ರೌಂಡ್‌ವರೆಗೆ ಹುಡುಗನ ಎಡ ಗ್ಲೋವ್ಸ್‌ಗೇ ಬಡಿದು ವಾಪಸಾಯಿತು.

ಊರಿನಲ್ಲಿ "ಮತ್ತೆ ಸೋತ" ಎಂದರು. ನನ್ನ ನೋಟ್‌ಬುಕ್‌ನಲ್ಲಿ ಮಾತ್ರ ಅವನ ಈವರೆಗಿನ ಅತ್ಯುತ್ತಮ ಬೌಟ್ ಇದು, ಎರಡು ಚಿನ್ನಕ್ಕಿಂತಲೂ. ಮಂಡಿಯ ಹಿರಿಯರಿಗೆ ಹೀಗೇ ಬರೆದುಕೊಟ್ಟೆ. ಅವರು ವಿಡಿಯೋ ಕೇಳಿ ಪಡೆದು, ಪೂರ್ತಿ ನೋಡಿ, ಹಣ ಮುಂದುವರಿಸಿದರು. ಕೊಯ್ಲಿನ ಸಮಯಕ್ಕೆ ಆಳಿನ ಕೂಲಿ ಬೇರೆಯೇ ಕೊಡುತ್ತೇವೆ ಎಂದರು. ಇನ್ನಿಬ್ಬರು ಹಿರಿಯರು ಹಿಂದೆ ಸರಿದರು, ಅವರ ದುಡ್ಡು, ಅವರ ಇಷ್ಟ.

ಇದಾದ ಮೇಲೆ ನನ್ನ ಕೆಲಸದಲ್ಲಿ ಕೆಲವು ಬದಲಾದವು. ತಲೆಗೆ ಪೆಟ್ಟು ತಿಂದವನನ್ನು ಡಾಕ್ಟರ್ ಬಿಡುವವರೆಗೆ ಯಾವ ರೀತಿಯಿಂದಲೂ ಪರೀಕ್ಷಿಸುವುದಿಲ್ಲ, ಯಾರು ಎಷ್ಟೇ ಅವಸರ ಮಾಡಲಿ. ಪ್ರತಿ ಗೆಲುವನ್ನೂ ಒಂದು ವಾರ ಬಿಟ್ಟು ಶಬ್ದವಿಲ್ಲದೆ ಮತ್ತೆ ನೋಡುತ್ತೇನೆ, ಎದುರಾಳಿ ಇನ್ನೂ ವೇಗದವನಾಗಿದ್ದರೆ ಎಲ್ಲಿ ಹೊಡೆಯುತ್ತಿದ್ದ ಎಂದು ಗುರುತು ಹಾಕುತ್ತೇನೆ. ಮೆಡಲ್ ಪಕ್ಕದಲ್ಲಿ ಎಷ್ಟು ಜನರ ಪೈಕಿ ಗೆದ್ದದ್ದು ಎಂದೂ ಬರೆಯುತ್ತೇನೆ. ಬ್ಯಾಂಡೇಜ್ ಸುತ್ತುವಾಗ ಕೈ ನೋಡಿ, ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಬಾಯಿಬಿಟ್ಟು ಕೇಳುತ್ತೇನೆ.

ಬೆಂಗಳೂರಿನಿಂದ ಆ ರಾತ್ರಿ ಬಸ್ಸಿನಲ್ಲಿ ವಾಪಸು ಬಂದೆವು. ತುಮಕೂರು ದಾಟಿದ ಮೇಲೆ ಹುಡುಗ ಮೊಬೈಲ್ ತೆಗೆದ. ಅವನೂ ನಾನೂ ಒಂದೊಂದು ಜ್ಯಾಬ್ ಎಣಿಸುತ್ತಾ ಕೂತೆವು. ಒಟ್ಟು 44. ಎಡಗೈ ಕೆಳಗಿಳಿದದ್ದು ಆರು ಸಲ. ಬಸ್ಸು ತಿಪಟೂರಿನಲ್ಲಿ ಟೀಗೆ ನಿಂತಾಗಲೂ ಅವನು ಇಳಿಯಲಿಲ್ಲ, ಆ ಆರನ್ನೂ ಹಿಂದಕ್ಕೆ ತಳ್ಳಿ ತಳ್ಳಿ ನೋಡಿದ. ಆರೂ ಮೂರನೇ ರೌಂಡ್‌ನ ಕೊನೆಯ ಒಂದೂವರೆ ನಿಮಿಷದೊಳಗೆ.

"ಇದು ಕೈಯದ್ದಲ್ಲ ಸರ್" ಎಂದ. "ಉಸಿರಿಂದು. ನಾಳಿದ್ದಿಂದ ಓಟ ಹೆಚ್ಚಿಗೆ ಬರ್ಕೊಳ್ಳಿ."

ನೋಟ್‌ಬುಕ್ ಬ್ಯಾಗಿನಲ್ಲಿತ್ತು, ತೆಗೆದು ಬರೆದುಕೊಂಡೆ.